ಮಣ್ಣಿನ ಋಣ: ಸುರುಲ್ ಗ್ರಾಮದ ಶ್ರೀನಿಕೇತನ

1922ನೆಯ ಇಸವಿಯ ಫೆಬ್ರವರಿ 4ರಂದು ಚೌರಿ ಚೌರಾದ ಪೋಲೀಸು ಠಾಣೆಗೆ ಬೆಂಕಿ ಬಿದ್ದಿತು. ವಾರವೊಂದು ಕಳೆಯುತ್ತಲೇ ಬಾರ್ಡೋಲಿಯಲ್ಲಿ ಕೂಡಿದ ಕಾಂಗ್ರೆಸ್ಸಿನ ಕಾರ್ಯಸಮಿತಿ ಅಸಹಕಾರ ಚಳವಳಿಯನ್ನು ತಡೆಹಿಡಿಯಿತು. ದೇಶದ ಚರಿತ್ರೆಯನ್ನು ಬರೆದವರೆಲ್ಲರ ಕಣ್ಣು ಈ ಎರಡು ಘಟನೆಗಳ ಮೇಲೆ ನೆಟ್ಟಿರುವುದು ಸಹಜವೇ. ಇವೆರಡರ ನಡುವೆ, ಫೆಬ್ರವರಿ 6ರಂದು, ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಸುರುಲ್ ಎಂಬ ಹಳ್ಳಿಯ ಹಳೆಯ ಕೋಠಿಯೊಂದರಲ್ಲಿ ಒಬ್ಬ ಇಂಗ್ಲಿಷ್ ತರುಣ, ಕೆಲವು ಮಂದಿ ವಿದ್ಯಾರ್ಥಿಗಳು ಹಾಗೂ ಬೆರಳೆಣಿಕೆಯ ಅಧ್ಯಾಪಕರು ಬಂದು ನೆಲೆಸಿದರು. ಗ್ರಾಮ ಪುನಾರಚನೆಯ ಕೇಂದ್ರವೊಂದು ಅಂದು ಆರಂಭವಾಯಿತು. ಮುಂದೆ ಅದಕ್ಕೆ ಶ್ರೀನಿಕೇತನವೆಂಬ ಹೆಸರು ಬಂದಿತು.

ರವೀಂದ್ರನಾಥ ಠಾಕೂರರನ್ನು ಕುರಿತು ನಮ್ಮ ಭಾಷೆಯಲ್ಲಿ ಬಂದಿರುವ ಬರಹ ಕಡಮೆಯಲ್ಲ. ಆದರೆ ಅದರಲ್ಲಿ ಬಹುಭಾಗ ಗೀತಾಂಜಲಿಯ ಕವಿಯನ್ನೂ ಶಾಂತಿನಿಕೇತನದ ಗುರುದೇವರನ್ನೂ ಕುರಿತದ್ದು. ಶ್ರೀನಿಕೇತನದ ಮಾತು ಬಂದಾಗ ಅದನ್ನು ಕವಿಯ ದಯಾಗುಣಕ್ಕೆ ಒಂದು ನಿದರ್ಶನವೆಂದು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಈ ವಾಡಿಕೆ ಸರಿಯಲ್ಲವೆಂದು ನನಗೆ ತೋರುತ್ತದೆ. ದಯೆಗೂ ಋಣಸಂದಾಯಕ್ಕೂ ಅಂತರವುಂಟು. ದಯೆ ತೋರುವವನು ಕೊಟ್ಟಷ್ಟಕ್ಕೆ ಕೈತೊಳೆದುಕೊಳ್ಳಬಹುದು; ಸಾಲ ತೀರಿಸುವವನು ಲೆಕ್ಕ ಒಪ್ಪಿಸಬೇಕು. ಸುರುಲ್‌ನಲ್ಲಿ ನಡೆದದ್ದು ಎರಡನೆಯ ಬಗೆಯ ಕಾರ್ಯ. ಅದರ ಹಿರಿಮೆಯೂ ಅದರ ಸೋಲೂ ಈ ಒಂದು ದೃಷ್ಟಿಯಿಂದ ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತವೆ.

ಮೊದಲು ಆ ನೆಲದ ವಿಚಾರ. ಬೋಲ್‌ಪುರದ ಸುತ್ತಣ ಭೂಮಿ ಅಜಯ್ ನದಿಗೂ ಕೋಪಾಯಿ ಹೊಳೆಗೂ ನಡುವೆ ಹರಡಿದ ಕೆಂಪು ಜಂಬಿಟ್ಟಿಗೆಯ ದಿಣ್ಣೆ. ಒಂದು ಕಾಲಕ್ಕೆ ಅಲ್ಲಿ ಸಾಲವೃಕ್ಷಗಳ ಕಾಡಿತ್ತು. ಕಾಡು ಕಡಿದುಹೋದ ಮೇಲೆ ಮಳೆಯ ನೀರಿಗೆ ತಡೆಯಿಲ್ಲವಾಯಿತು. ಮೇಲ್ಮಣ್ಣು ಕೊಚ್ಚಿಹೋಗಿ, ಉಳಿದ ಗರಸು ನೆಲದಲ್ಲಿ ಆಳುದ್ದದ ಕೊರಕಲುಗಳು ಬಾಯಿತೆರೆದುವು. ಬಂಗಾಳಿಗಳು ಇದನ್ನು ಖೋಯಾಯಿ ಎನ್ನುತ್ತಾರೆ. ದೇವೇಂದ್ರನಾಥ ಠಾಕೂರರು 1863ರಲ್ಲಿ ಇಲ್ಲಿ 20 ಬಿಘಾ ನೆಲವನ್ನು ಪಡೆದಾಗ ಕಣ್ಣಿಗೆ ಬೀಳುತ್ತಿದ್ದುದು ಎರಡು ಛಾತಿಮ್ ಮರಗಳು ಮಾತ್ರವೆಂದು ಪ್ರತೀತಿ. ಹತ್ತು ವರ್ಷಗಳ ತರುವಾಯ ಬಾಲಕ ರವೀಂದ್ರ ತಂದೆಯೊಡನೆ ಬಂದು, ಈ ಕೊರಕಲುಗಳಲ್ಲಿ ಅಲೆದು ಬಣ್ಣದ ಕಲ್ಲುಗಳನ್ನು ಅಂಗಿಯ ಸೆರಗಿನಲ್ಲಿ ತುಂಬಿಕೊಂಡು ಬಂದುದನ್ನು ತಮ್ಮ ಬಾಲ್ಯಸ್ಮೃತಿಯಲ್ಲಿ ಬರೆದಿದ್ದಾರೆ. ಹುಡುಗನಿಗೆ ಅದು ಅದ್ಭುತ ಲೋಕ. ರೈತನಿಗೆ ಅದೇ ನೆಲ ಹೊಟ್ಟೆಗೆ ಹಿಟ್ಟು ಕೊಡದ ಭೂಮಿ. ಈ ಎರಡು ನೋಟಗಳು ಒಂದೇ ಮನುಷ್ಯನಲ್ಲಿ ಸೇರುವುದಕ್ಕೆ ಅರ್ಧ ಶತಮಾನ ಬೇಕಾಯಿತು.

ಸುರುಲ್‌ನ ಹೆಸರು ಕಂಪೆನಿ ಸರಕಾರದ ದಾಖಲೆಗಳಲ್ಲಿ ಬರುವಂಥದು. 18ನೆಯ ಶತಮಾನದ ಕೊನೆಯ ಭಾಗದಿಂದ 19ನೆಯ ಶತಮಾನದ ಆದಿಭಾಗದ ವರೆಗೆ ಜಾನ್ ಚೀಪ್ ಎಂಬ ವಾಣಿಜ್ಯ ರೆಸಿಡೆಂಟನು ಇಲ್ಲಿ ಕುಳಿತು ಸುತ್ತಣ ನೇಕಾರರಿಗೆ ಮುಂಗಡ ಹಂಚಿ ಬಟ್ಟೆ ಕೊಳ್ಳುತ್ತಿದ್ದನು. ನೀಲಿ, ಅರಗು, ಸಕ್ಕರೆಗಳ ವ್ಯವಹಾರವನ್ನೂ ನಡೆಸಿದನು. 1868ರಲ್ಲಿ ಗ್ರಾಮೀಣ ಬಂಗಾಳದ ಚರಿತ್ರೆಯನ್ನು ಬರೆದ ಹಂಟರ್ ಈತನ ವೈಭವವನ್ನು ಸಾಕಷ್ಟು ವಿಸ್ತಾರವಾಗಿಯೇ ಬಣ್ಣಿಸಿದ್ದಾನೆ. ಕಂಪೆನಿಯ ವ್ಯಾಪಾರ ನಿಂತಿತು, ಮಗ್ಗಗಳು ನಿಂತುವು. ರೈಲು ಬೋಲ್‌ಪುರಕ್ಕೆ ಬಂದಿತು. 1860ರ ದಶಕದಿಂದ ಬರ್ದ್ವಾನ್ ಜ್ವರವೆಂದು ಕುಖ್ಯಾತವಾದ ಪಿಡುಗು ಈ ಪ್ರಾಂತದ ಊರೂರುಗಳನ್ನು ಬರಿದುಮಾಡಿತು. ರೈಲಿನ ಹಾಗೂ ರಸ್ತೆಯ ಏರಿಗಳು ನೀರಿನ ಸಹಜವಾದ ಹರಿವನ್ನು ಕಟ್ಟಿಹಾಕಿದುದೇ ಮಲೇರಿಯಕ್ಕೂ ಬೆಳೆಯ ಇಳಿತಕ್ಕೂ ಕಾರಣವೆಂದು ಬಂಗಾಳದ ಆರೋಗ್ಯ ಇಲಾಖೆಯ ಬೆಂಟ್ಲಿ 1925ರಲ್ಲಿ ಗ್ರಂಥವನ್ನೇ ಬರೆದು ವಾದಿಸಿದನು. ರವೀಂದ್ರರು ಸುರುಲ್‌ನ ಕೋಠಿಯನ್ನು 1912ರಲ್ಲಿ ಕೊಂಡಿದ್ದರು. ಮಗ ರಥೀಂದ್ರನಾಥರು 1914ರಲ್ಲಿ ಅಲ್ಲಿ ಸಂಸಾರ ಹೂಡಿದರೂ ಮಲೇರಿಯ ಅವರನ್ನು ಅಲ್ಲಿಂದ ಎಬ್ಬಿಸಿತು.

ಕವಿಗೆ ಹಳ್ಳಿಯ ಪರಿಚಯವಾದದ್ದು ಸುರುಲ್‌ನಲ್ಲಿ ಅಲ್ಲ. ಪದ್ಮಾ ನದಿಯ ತೀರದಲ್ಲಿ. 1890ರ ಸುಮಾರಿಗೆ ಮನೆತನದ ಜಮೀನ್ದಾರಿಯ ಆಡಳಿತವನ್ನು ವಹಿಸಿಕೊಂಡು ಶಿಲಾಯಿದಹ, ಶಾಹಜಾದ್‌ಪುರ, ಪತಿಸರಗಳಲ್ಲಿ ದೋಣಿಮನೆಯಲ್ಲಿ ವಾಸಮಾಡುತ್ತಿದ್ದಾಗ, ತಮ್ಮ ಕಾವ್ಯಕ್ಕೂ ಊಟಕ್ಕೂ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡರು. 1906ರಲ್ಲಿ ಮಗನನ್ನು ಇಂಗ್ಲೆಂಡಿನ ಬಾರಿಸ್ಟರ್ ಪದವಿಗೆ ಕಳುಹದೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ವ್ಯವಸಾಯ ಕಲಿಯಲು ಕಳುಹಿದುದು ಆ ಕಾಲದ ಕಲ್ಕತ್ತೆಯ ದೊಡ್ಡಮನೆಗಳಿಗೆ ಸೋಜಿಗದ ಸಂಗತಿಯಾಗಿತ್ತು. ಮರುವರ್ಷ ಅದೇ ವಿದ್ಯೆಗೆ ಹೊರಟ ಅಳಿಯ ನಗೇಂದ್ರನಾಥರಿಗೆ ಬರೆದ ಪತ್ರದ ತಾತ್ಪರ್ಯವಿಷ್ಟು: ನೀವು ಓದುತ್ತಿರುವುದು ಬರಗಾಲದ ಪ್ರಜೆಗಳ ಅನ್ನದ ಪಾಲಿನಿಂದ, ಹಿಂದಿರುಗಿ ಬಂದು ಆ ಪಾಲನ್ನು ಹೆಚ್ಚಿಸಿ ಕೊಡದೆ ಹೋದರೆ ಅವರ ನಷ್ಟ ತುಂಬುವುದಿಲ್ಲ. ಈ ಪತ್ರವನ್ನು ಶ್ರೀನಿಕೇತನದ ನಿಜವಾದ ಶಂಕುಸ್ಥಾಪನೆಯೆಂದು ನಾನು ಎಣಿಸುತ್ತೇನೆ. ನೊಬೆಲ್ ಬಹುಮಾನವಾಗಿ ಬಂದ ಒಂದು ಲಕ್ಷಕ್ಕೂ ಮಿಕ್ಕ ರೂಪಾಯಿಗಳನ್ನು ಅವರು ಪತಿಸರದ ಕೃಷಿ ಬ್ಯಾಂಕಿನಲ್ಲಿ ಇರಿಸಿದರು. ರೈತರಿಗೆ ಸಾಹುಕಾರನ ಬಡ್ಡಿಗಿಂತ ಕಡಮೆ ಬಡ್ಡಿಗೆ ಸಾಲ ಸಿಕ್ಕಿತು. ಬಂದ ಬಡ್ಡಿಯಿಂದ ಶಾಂತಿನಿಕೇತನದ ಶಾಲೆಗೆ ಆಸರೆಯಾಯಿತು. 1930ರ ದಶಕದ ಸಾಲಪರಿಹಾರ ಶಾಸನಗಳ ತರುವಾಯ ಆ ಹಣ ಮರಳಲಿಲ್ಲ. ನೊಬೆಲ್ ಬಹುಮಾನ ಪದ್ಮೆಯ ಬಯಲಿನ ರೈತರಲ್ಲಿ ಕರಗಿಹೋಯಿತೆಂದು ಮರುಗುವವರುಂಟು. ಎಲ್ಲಿಂದ ಬಂದಿತ್ತೋ ಅಲ್ಲಿಗೇ ಸೇರಿತೆಂದು ಹೇಳಿದರೂ ತಪ್ಪಾಗದು.

ಇನ್ನು ಸುರುಲ್‌ಗೆ ಬಂದ ಇಂಗ್ಲಿಷ್ ತರುಣನ ವಿಚಾರ. ಲೆನರ್ಡ್ ಎಲ್ಮ್‌ಹರ್ಸ್ಟ್ ಹುಟ್ಟಿದ್ದು 1893ರಲ್ಲಿ, ಯಾರ್ಕ್‌ಷೈರಿನಲ್ಲಿ. ಕೇಂಬ್ರಿಜ್ಜಿನಲ್ಲಿ ಓದಿದ್ದು ಇತಿಹಾಸ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇವಾಕಾರ್ಯಕ್ಕಾಗಿ ಮೆಸೊಪೊಟೇಮಿಯಕ್ಕೂ ಭಾರತಕ್ಕೂ ಬಂದಾಗ, ಅಲಹಾಬಾದಿನಲ್ಲಿ ಕೃಷಿ ವಿದ್ಯಾಲಯವನ್ನು ನಡೆಸುತ್ತಿದ್ದ ಅಮೆರಿಕನ್ ಪಾದ್ರಿ ಹಿಗ್ಗಿನ್‌ಬಾಟಮ್ಮರ ಪ್ರಭಾವದಿಂದ ಅವರ ದಾರಿ ಬದಲಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವ್ಯವಸಾಯವನ್ನು ಅಭ್ಯಸಿಸುತ್ತಿರುವಾಗ ನ್ಯೂಯಾರ್ಕಿನಲ್ಲಿ ಕವಿಯ ಭೇಟಿಯಾಯಿತು. 1921ರ ನವೆಂಬರಿನಲ್ಲಿ ಅವರು ಶಾಂತಿನಿಕೇತನಕ್ಕೆ ಬಂದರು. ಜೊತೆಗೆ ಬರಬೇಕಾಗಿದ್ದ ಹಣವನ್ನು ಒದಗಿಸಿದವರು ಡೊರೊತಿ ಸ್ಟ್ರೇಟ್ ಎಂಬ ಅಮೆರಿಕದ ಶ್ರೀಮಂತ ವಿಧವೆ. 1925ರಲ್ಲಿ ಎಲ್ಮ್‌ಹರ್ಸ್ಟರು ಈಕೆಯನ್ನು ಮದುವೆಯಾದರು.

ಕೋಠಿಯಲ್ಲಿ ಬಿಡಾರ ಹೂಡಿದ ಮೊದಲ ದಿನಗಳಲ್ಲಿ ಎದುರಾದ ಪ್ರಶ್ನೆ ನೇಗಿಲಿನದಲ್ಲ, ಬಿತ್ತನೆಯದೂ ಅಲ್ಲ. ಮಲವಿಸರ್ಜನೆಯದು. ಇಷ್ಟು ಮಂದಿ ಒಂದೆಡೆ ವಾಸಮಾಡುವಾಗ ಪಾಯಿಖಾನೆಯ ಬಕೆಟ್ಟುಗಳನ್ನು ಎತ್ತುವವರು ಯಾರು? ಊರಿನ ಪದ್ಧತಿಗೆ ಉತ್ತರ ಸಿದ್ಧವಾಗಿತ್ತು: ಅದಕ್ಕೆಂದೇ ಒಂದು ಜಾತಿ ಇದೆಯಷ್ಟೆ. ಎಲ್ಮ್‌ಹರ್ಸ್ಟರು ಈ ಉತ್ತರವನ್ನು ಒಪ್ಪಲಿಲ್ಲ. ತಾವೇ ಬಕೆಟ್ಟು ಎತ್ತಿದರು. ತೋಟದಲ್ಲಿ ಉದ್ದನೆಯ ಗುಂಡಿ ತೆಗೆದು, ಅದರಲ್ಲಿ ಸುರಿದು, ಮೇಲೆ ಮಣ್ಣೆಳೆದರು. ಕುಲೀನ ಮನೆತನಗಳಿಂದ ಬಂದ ವಿದ್ಯಾರ್ಥಿಗಳಿಗೆ ಇದು ಸುಲಭದ ಪಾಠವಾಗಿರಲಿಲ್ಲ. ಆದರೂ ಸರದಿಯ ಮೇಲೆ ಅವರು ಕೈಹಚ್ಚಿದರು. ಮಣ್ಣಿನೊಡನೆ ಕಲೆತ ಮಲ ಕೆಲವೇ ತಿಂಗಳಲ್ಲಿ ನಾರದ ಗೊಬ್ಬರವಾಗುತ್ತದೆ. ಜಂಬಿಟ್ಟಿಗೆಯ ಬಂಜರಿನಲ್ಲಿ ತರಕಾರಿ ಬೆಳೆಯಲು ಆ ನೆಲಕ್ಕೆ ಬೇಕಾಗಿದ್ದುದು ಇದೇ.

ಇದಕ್ಕೆ ಮುಂಚೆ ಇಂಥ ಪ್ರಯತ್ನ ನಡೆದಿರಲಿಲ್ಲವೆಂದಲ್ಲ. 1915ರ ಮಾರ್ಚಿ 10ರಂದು ಗಾಂಧೀಜಿ ಶಾಂತಿನಿಕೇತನದ ಹುಡುಗರಿಂದ ಅಡುಗೆ, ಕಸಗುಡಿಸುವಿಕೆ, ಪಾಯಿಖಾನೆಯ ಶುಚಿಗಳನ್ನೆಲ್ಲ ಮಾಡಿಸಿದರು. ಆ ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ. ವರುಷಕ್ಕೊಮ್ಮೆ ಆಚರಿಸುವ ಗಾಂಧಿ ಪುಣ್ಯಾಹವಾಗಿ ಉಳಿಯಿತು. ಗಾಂಧೀಜಿಯ ದೃಷ್ಟಿ ಮುಖ್ಯವಾಗಿ ನೈತಿಕವಾದುದು: ಸ್ವಾವಲಂಬನೆ, ಅಸ್ಪೃಶ್ಯತೆಯ ನಿವಾರಣೆ. ಸುರುಲ್‌ನಲ್ಲಿ ಅದಕ್ಕೆ ಮಣ್ಣಿನ ಲೆಕ್ಕವೂ ಕೂಡಿಕೊಂಡಿತು. ಮನುಷ್ಯನ ಘನತೆಯನ್ನು ಕೆಡಿಸಿದ ಪದ್ಧತಿಯೇ ಮಣ್ಣಿನ ಸಾರವನ್ನೂ ಕೆಡಿಸಿತ್ತೆಂಬ ಅರಿವು ಈ ಗುಂಡಿಯ ಮುಂದೆ ನಿಂತವರಿಗೆ ಆಗಿರಬೇಕು. ಮಲವನ್ನು ಹೊಲಸೆಂದು ದೂರವಿಟ್ಟ ಸಮಾಜ ಅದನ್ನು ಹೊರುವವನನ್ನೂ ದೂರವಿಟ್ಟಿತು. ಹೊಲಕ್ಕೆ ಸೇರಬೇಕಾದುದು ಕೆರೆಕುಂಟೆಗೆ ಸೇರಿ ರೋಗವಾಯಿತು. ನಮ್ಮ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಬಸವಲಿಂಗಪ್ಪನವರು ಮಂತ್ರಿಗಳಾಗಿ ನಿಷೇಧ ತಂದುದು 1970ರ ದಶಕದಲ್ಲಿ ಎಂಬುದನ್ನು ನೆನೆದರೆ, 1922ರ ಆ ಗುಂಡಿಯ ಅರ್ಥ ಇನ್ನಷ್ಟು ತಿಳಿದೀತು.

ಅದೇ ವರ್ಷ ಎಲ್ಮ್‌ಹರ್ಸ್ಟರು ಕಲ್ಕತ್ತೆಯಲ್ಲಿ ಒಂದು ಉಪನ್ಯಾಸ ಮಾಡಿದರು, ಅಧ್ಯಕ್ಷಪೀಠದಲ್ಲಿ ರವೀಂದ್ರರು. ವಿಷಯ ಮಣ್ಣಿನ ದರೋಡೆ. ಈ ಭಾವನೆ ಯೂರೋಪಿನಲ್ಲಿ ಹೊಸದೇನಲ್ಲ. ಬೇಸಾಯವೆಂಬ ಹೆಸರಿನಲ್ಲಿ ನಡೆಯುವ ಸುಲಿಗೆಯನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೆಯ ಶತಮಾನದಲ್ಲೇ ಖಂಡಿಸಿ, ರೋಮ್ ನಗರದ ಚರಂಡಿಗಳು ರೈತನ ಐಶ್ವರ್ಯವನ್ನು ನುಂಗಿದುವೆಂದು ಎಚ್ಚರಿಸಿದ್ದನು. ಚೀನದ ರೈತರು ಊರಿನ ಮಲವನ್ನೂ ಕಾಲುವೆಯ ಹೂಳನ್ನೂ ಹೊಲಕ್ಕೆ ಮರಳಿಸಿ ಮಣ್ಣನ್ನು ಸಾವಿರಾರು ವರ್ಷ ಕಾಪಾಡಿಕೊಂಡ ಬಗೆಯನ್ನು ಅಮೆರಿಕದ ಕಿಂಗ್ ಎಂಬುವನ ಗ್ರಂಥ 1911ರಲ್ಲಿ ಲೋಕಕ್ಕೆ ತಿಳಿಸಿತ್ತು. ಇಂದೋರಿನಲ್ಲಿ ಆಲ್ಬರ್ಟ್ ಹೊವರ್ಡನು ಕಾಂಪೋಸ್ಟಿನ ಪ್ರಸಿದ್ಧ ವಿಧಾನವನ್ನು ರೂಪಿಸಿದುದು ಸುರುಲ್‌ನ ಪ್ರಯೋಗಕ್ಕಿಂತ ಈಚೆಗೆ. ಅವನ ಸಂಸ್ಥೆ ಅಲ್ಲಿ ಹುಟ್ಟಿದ್ದೇ 1924ರಲ್ಲಿ. ಕಲ್ಕತ್ತೆಯ ಆ ಸಭೆಯ ವಿಶೇಷವೆಂದರೆ, ಮಣ್ಣಿನ ಸುಲಿಗೆಯನ್ನು ರಸಾಯನದ ಪ್ರಶ್ನೆಯಾಗಿ ಬಿಡದೆ ನಗರಕ್ಕೂ ಹಳ್ಳಿಗೂ ಇರುವ ಸಂಬಂಧದ ಪ್ರಶ್ನೆಯಾಗಿ ಮುಂದಿಟ್ಟುದು. ಹಳ್ಳಿ ಧಾನ್ಯವನ್ನು ಕಳುಹುತ್ತದೆ, ಹಾಲನ್ನು ಕಳುಹುತ್ತದೆ, ಕಡೆಗೆ ಬುದ್ಧಿವಂತರಾದ ಮಕ್ಕಳನ್ನೂ ಕಳುಹುತ್ತದೆ. ಮರಳಿ ಬರುವುದೇನು?

ಈ ಪ್ರಶ್ನೆಯನ್ನು ಮುಂಬಯಿಯಲ್ಲಿ ಕುಳಿತು ಬರೆಯುವಾಗ ಲೇಖನಿ ಸ್ವಲ್ಪ ತಡೆಯುತ್ತದೆ. ದಕ್ಷಿಣ ಕನ್ನಡದ, ಧಾರವಾಡ ಬಿಜಾಪುರಗಳ ಎಷ್ಟು ಹಳ್ಳಿಗಳು ಈ ನಗರಕ್ಕೆ ತಮ್ಮ ಹುಡುಗರನ್ನು ಕಳುಹಿದುವು! ನಾವು ಊರಿಗೆ ಮನಿಯಾರ್ಡರು ಮಾಡಿದೆವು. ಅದರಿಂದ ಸಾಲ ತೀರಿತು, ಮನೆಗೆ ಹಂಚು ಬಿದ್ದಿತು, ತಂಗಿಯ ಮದುವೆಯಾಯಿತು. ಆದರೆ ಮನಿಯಾರ್ಡರಿನಲ್ಲಿ ಮಣ್ಣಿನ ಸತ್ವ ಹೋಗುವುದಿಲ್ಲ. ನಾವು ಉಂಡ ಅನ್ನದ ಶೇಷ ಈ ನಗರದ ಚರಂಡಿ ಹಿಡಿದು ಅರಬ್ಬೀ ಸಮುದ್ರಕ್ಕೆ ಸೇರಿತು. ಇದು ಯಾರನ್ನೂ ದೂಷಿಸುವ ಮಾತಲ್ಲ, ಲೆಕ್ಕದ ಮಾತು.

ಸುರುಲ್‌ನ ಅವನತಿಗೆ ಎಲ್ಮ್‌ಹರ್ಸ್ಟರು ಕಂಡ ಕಾರಣಗಳು ಮೂರು: ಕೋತಿ, ಮಲೇರಿಯ, ಪರಸ್ಪರ ಅಪನಂಬಿಕೆ. ಇಂಗ್ಲಿಷಿನಲ್ಲಿ ಮೂರೂ ಒಂದೇ ಅಕ್ಷರದಿಂದ ಮೊದಲಾಗುವುದರಿಂದ ಈ ಮಾತು ಹೆಚ್ಚು ಪ್ರಚಾರಕ್ಕೆ ಬಂದಿತು. ಕೋತಿಯ ವಿಚಾರ ನಮ್ಮ ಮಲೆನಾಡಿನ ತೋಟಗಾರರಿಗೆ ವಿವರಿಸಬೇಕಾಗಿಲ್ಲ. ಮಲೇರಿಯದ ವಿರುದ್ಧ ಹೋರಾಟ ಸಹಕಾರ ಸಂಘಗಳ ರೂಪ ತಳೆಯಿತು. ಹಳ್ಳಿಯವರು ಸಣ್ಣ ವಂತಿಗೆ ಕೂಡಿಸಿ ಕೊಯಿನಾ ತರಿಸುವುದು, ಹೊಂಡಗಳನ್ನು ಮುಚ್ಚುವುದು, ನಿಂತ ನೀರಿಗೆ ಸೀಮೆಯೆಣ್ಣೆ ಸಿಂಪಡಿಸುವುದು, ಚರಂಡಿ ತೋಡುವುದು. ಗ್ರೆಚೆನ್ ಗ್ರೀನ್ ಎಂಬ ಅಮೆರಿಕನ್ ಮಹಿಳೆ 1922ರಲ್ಲೇ ಬಂದು ಔಷಧಾಲಯವನ್ನು ಆರಂಭಿಸಿದಳು; 1930ರ ದಶಕದ ಮೊದಲಲ್ಲಿ ಕ್ವೇಕರ್ ಪಂಥದ ವೈದ್ಯ ಹ್ಯಾರಿ ಟಿಂಬ್ರೆಸ್ ಮಲೇರಿಯದ ಬಗ್ಗೆ ಅಲ್ಲಿ ಕ್ರಮವಾಗಿ ಕೆಲಸಮಾಡಿದನು.

ಮೂರನೆಯ ರೋಗಕ್ಕೆ ಕೊಯಿನಾ ಇಲ್ಲ. ಅದಕ್ಕೆ ಮದ್ದರೆದವರು ಕಾಳಿಮೋಹನ ಘೋಷರು. ಸ್ವದೇಶೀ ಚಳವಳಿಯ ಭಾಷಣಕಾರರಾಗಿದ್ದ ಇವರು ವೇದಿಕೆಯನ್ನು ಬಿಟ್ಟು ಹಳ್ಳಿಯ ಜಗಲಿಗಳನ್ನು ಹಿಡಿದರು. ಮನೆಮನೆಗೆ ಹೋಗಿ ಎಷ್ಟು ಜನ, ಎಷ್ಟು ನೆಲ, ಎಷ್ಟು ಸಾಲ, ಎಷ್ಟು ಮಂದಿಗೆ ಜ್ವರ ಎಂದು ಕೇಳಿ ಬರೆದುಕೊಂಡ ಗ್ರಾಮ ಸಮೀಕ್ಷೆಗಳು ನಮ್ಮ ದೇಶದಲ್ಲಿ ಆ ಬಗೆಯ ಮೊದಮೊದಲ ಪ್ರಯತ್ನಗಳ ಸಾಲಿನಲ್ಲಿ ನಿಲ್ಲುತ್ತವೆ. ಹಿಂದೂ, ಮುಸಲ್ಮಾನ, ಸಂತಾಲ ಕೇರಿಗಳ ನಡುವೆ ಇವರಿಗಿದ್ದ ಪ್ರವೇಶ ಇಂಗ್ಲಿಷ್ ತರುಣನಿಗೆ ಸಾಧ್ಯವಿರಲಿಲ್ಲ. ಎಲ್ಮ್‌ಹರ್ಸ್ಟರು ಸುಮಾರು ಎರಡು ವರ್ಷ ಇದ್ದು ಹೊರಟುಹೋದರು. ಕಾಳಿಮೋಹನರು 1940ರಲ್ಲಿ ತೀರಿಕೊಳ್ಳುವ ವರೆಗೆ ಈ ಕೆಲಸದೊಡನೆಯೇ ಉಳಿದರು. ಚರಿತ್ರೆಕಾರರು ಹೆಸರು ಹಂಚುವಾಗ ಈ ಪ್ರಮಾಣವನ್ನು ಪಾಲಿಸಿಲ್ಲ.

1924ರಲ್ಲಿ ಸಂತೋಷಚಂದ್ರ ಮಜುಮದಾರರ ಕೈಯಲ್ಲಿ ಆರಂಭವಾದ ಶಿಕ್ಷಾಸತ್ರವೆಂಬ ಶಾಲೆ 1927ರಲ್ಲಿ ಶ್ರೀನಿಕೇತನಕ್ಕೆ ಬಂದಿತು. ಬಡ ಹಳ್ಳಿಗರ ಮಕ್ಕಳಿಗಾಗಿ ಹುಟ್ಟಿದ, ತೋಟ, ಅಡುಗೆಮನೆ, ಮಗ್ಗಗಳನ್ನೇ ಪಠ್ಯಪುಸ್ತಕವಾಗಿ ಮಾಡಿಕೊಂಡ ಶಾಲೆ ಅದು. ಠಾಕೂರರ ಬಳಿ ಕೆಲಸಮಾಡಿದ ಆರ್ಯನಾಯಕಂ ದಂಪತಿಗಳು ಮುಂದೆ ವಾರ್ಧಾಕ್ಕೆ ಹೋಗಿ 1937ರ ಅನಂತರ ಗಾಂಧೀಜಿಯ ನಯೀ ತಾಲೀಮಿನ ಹೊಣೆಹೊತ್ತರು. ಚರಖದ ವಿಷಯದಲ್ಲಿ ಗುರುದೇವರಿಗೂ ಮಹಾತ್ಮರಿಗೂ ನಡೆದ ವಾದವನ್ನೇ ಎತ್ತಿ ಆಡುವವರು ಈ ಸಂಬಂಧವನ್ನು ಗಮನಿಸುವುದು ಲೇಸು.

1928ರ ಜುಲೈ 14ರಂದು ಶಾಂತಿನಿಕೇತನದಲ್ಲಿ ವೃಕ್ಷಾರೋಪಣ. ಮರುದಿನ ಶ್ರೀನಿಕೇತನದಲ್ಲಿ ಹಲಕರ್ಷಣ. ಅಲಂಕರಿಸಿದ ಪಲ್ಲಕ್ಕಿಯಲ್ಲಿ ಸಸಿಯನ್ನು ಕುಳ್ಳಿರಿಸಿ ಮೆರವಣಿಗೆಯಲ್ಲಿ ತಂದರು; ಪಂಚಭೂತಗಳ ವೇಷದಲ್ಲಿ ಐವರು ಮಕ್ಕಳು ಅದನ್ನು ಹರಸಿದರು. ಮರುದಿನ ವಿಧುಶೇಖರ ಶಾಸ್ತ್ರಿಗಳು ಸಂಸ್ಕೃತ ಶ್ಲೋಕಗಳನ್ನು ಪಠಿಸುತ್ತಿರಲು, 67 ವರ್ಷದ ಕವಿ ನೇಗಿಲ ಮೇಣಿಗೆ ಕೈಯಿಟ್ಟು ಒಂದು ಸಾಲು ಉತ್ತರು. ಗೋಡೆಯ ಮೇಲೆ ನಂದಲಾಲ ಬಸುಗಳು ಈ ದೃಶ್ಯವನ್ನು ಚಿತ್ರಿಸಿದ್ದಾರೆ. ಹಳೆಯ ಮೈಸೂರಿನ ಕಡೆ ಯುಗಾದಿಯ ಹೊತ್ತಿಗೆ ಹೊನ್ನಾರು ಹೂಡುವುದನ್ನು ಕಂಡವರಿಗೆ ಹಲಕರ್ಷಣ ಹೊಸದೆನಿಸದು. ಹೊನ್ನಾರನ್ನು ಹೂಡುವವನು ರೈತ; ಇಲ್ಲಿ ಮೇಣಿ ಹಿಡಿದವರು ಜಮೀನ್ದಾರರು. ಹಬ್ಬಗಳನ್ನು ಕವಿ ಕಟ್ಟಿದುದು ಬರಿಯ ಅಲಂಕಾರಕ್ಕೆಂದು ಹಳಿದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಓದಿದವನ ಮನಸ್ಸಿನಲ್ಲಿ ಉಳುಮೆಗೆ ಮರ್ಯಾದೆ ತರುವುದಕ್ಕೆ ವರದಿಗಳಿಗಿಂತ ಈ ಒಂದು ಸಾಲು ಹೆಚ್ಚು ಉಪಕಾರಮಾಡಿರಬಹುದು.

ಆದರೆ ಲೆಕ್ಕ ಒಪ್ಪಿಸುವ ಮಾತಿಗೆ ಬಂದರೆ ಕೆಲವು ಅಪ್ರಿಯ ಸಂಗತಿಗಳನ್ನು ಮರೆಮಾಚುವಂತಿಲ್ಲ. ಹಳ್ಳಿಯನ್ನು ಸ್ವಾವಲಂಬಿಯಾಗಿಸಲು ಹೊರಟ ಕೇಂದ್ರ ತಾನೇ ಬಹುಕಾಲ ಡೊರೊತಿ ಎಲ್ಮ್‌ಹರ್ಸ್ಟರ ಹಣವನ್ನು ಅವಲಂಬಿಸಿತು. ಋಣವಿದ್ದುದು ಬಂಗಾಳದ ಜಮೀನ್ದಾರರಿಗೂ ಕಲ್ಕತ್ತೆಗೂ, ತೀರಿಸಿದ್ದು ನ್ಯೂಯಾರ್ಕ್. ಎರಡನೆಯದಾಗಿ, ಕಾಯಂ ಜಮಾಬಂದಿಯ ಭೂಹಿಡುವಳಿಯನ್ನು ಶ್ರೀನಿಕೇತನ ಮುಟ್ಟಲಿಲ್ಲ. ಮುಟ್ಟುವ ಶಕ್ತಿಯೂ ಅದಕ್ಕಿರಲಿಲ್ಲ. ಗೇಣಿಯ ಹೊಲಕ್ಕೆ ಗೊಬ್ಬರ ಹಾಕಿ ಸತ್ವ ಹೆಚ್ಚಿಸಿದರೆ ಫಲ ಯಾರಿಗೆ? ಈ ಪ್ರಶ್ನೆಗೆ ಉತ್ತರ ಸಿಗತೊಡಗಿದ್ದು 1953ರ ಜಮೀನ್ದಾರಿ ರದ್ದಿಯ ಶಾಸನದಿಂದ, 1978ರಲ್ಲಿ ಆರಂಭವಾದ ಬರ್ಗಾದಾರರ ನೋಂದಣಿಯಿಂದ. ಮಣ್ಣನ್ನು ಉಳಿಸುವವನಿಗೆ ಮಣ್ಣಿನ ಮೇಲೆ ಹಕ್ಕಿಲ್ಲದಿದ್ದರೆ ಎಂಥ ವಿದ್ಯೆಯೂ ಬೇರುಬಿಡದು.

ಇನ್ನೊಂದು ಸಂಗತಿ ಹೆಚ್ಚು ವಿಚಾರಕ್ಕೆ ಈಡುಮಾಡುವಂಥದು. ಶ್ರೀನಿಕೇತನದ ವಿಭಾಗಗಳಲ್ಲಿ ಬೇಸಾಯ, ಗ್ರಾಮಹಿತ, ಶಿಕ್ಷಣಗಳ ಜೊತೆಗೆ ಕೈಗಾರಿಕೆಯೂ ಒಂದು. ರಥೀಂದ್ರನಾಥರೂ ಅವರ ಪತ್ನಿ ಪ್ರತಿಮಾದೇವಿಯವರೂ ರೂಢಿಗೆ ತಂದ ಬಾಟಿಕ್ ಚರ್ಮದ ಕೆಲಸ, ನೆಯ್ಗೆ, ಮಡಕೆಗಳಿಗೆ ಕಲ್ಕತ್ತೆಯಲ್ಲಿ ಬೇಡಿಕೆ ಹುಟ್ಟಿತು. 1938ರಲ್ಲಿ ಅಲ್ಲಿ ತೆರೆದ ಮಾರಾಟದ ಅಂಗಡಿಯನ್ನು ಸುಭಾಷಚಂದ್ರ ಬೋಸರು ಉದ್ಘಾಟಿಸಿದರು. ಇಂದಿಗೂ ಶಾಂತಿನಿಕೇತನದ ಚರ್ಮದ ಚೀಲ ದೇಶದ ಎಲ್ಲ ನಗರಗಳ ಹೆಗಲ ಮೇಲೆ ಕಾಣುತ್ತದೆ. ನಗರ ಯಾವುದನ್ನು ಕೊಂಡಿತೋ ಅದು ಬದುಕಿತು. ಗುಂಡಿಯ ಗೊಬ್ಬರವನ್ನು ಕೊಳ್ಳುವವರಿರಲಿಲ್ಲ.

ಎಲ್ಮ್‌ಹರ್ಸ್ಟರು ಸುರುಲ್‌ನ ಪಾಠವನ್ನು ಇಂಗ್ಲೆಂಡಿಗೆ ಕೊಂಡೊಯ್ದರು. 1925ರಲ್ಲಿ ಡೆವನ್ ಪ್ರಾಂತದ ಡಾರ್ಟಿಂಗ್ಟನ್ ಎಂಬ ಪಾಳುಬಿದ್ದ ಎಸ್ಟೇಟನ್ನು ಕೊಂಡು ಬೇಸಾಯ, ಅರಣ್ಯ, ಶಾಲೆ, ಕಲೆಗಳನ್ನು ಒಂದೆಡೆ ಬೆಸೆದರು. 1990ರ ದಶಕದ ಆರಂಭದಲ್ಲಿ ಅಲ್ಲೇ ಷೂಮಾಖರ್ ಕಾಲೇಜು ತಲೆಯೆತ್ತಿ, ನೆಲಕ್ಕೆ ಮರಳಿ ಜೀವ ತರುವ ಬೇಸಾಯವನ್ನೂ ಬದುಕನ್ನೂ ಕಲಿಸಿತು. 2024ರಲ್ಲಿ ಹಣದ ಮುಗ್ಗಟ್ಟಿನಿಂದ ಅದರ ಪದವಿ ತರಗತಿಗಳು ನಿಂತುವು. ನೆಲವನ್ನು ಬದುಕಿಸುವ ಸಂಸ್ಥೆಗಳು ಎಲ್ಲ ದೇಶಗಳಲ್ಲೂ ಹಣದ ತೊರೆ ಬತ್ತಿದಾಗ ಸೊರಗುತ್ತವೆ.

1951ರಲ್ಲಿ ವಿಶ್ವಭಾರತಿ ಕೇಂದ್ರ ವಿಶ್ವವಿದ್ಯಾನಿಲಯವಾಯಿತು. ಶ್ರೀನಿಕೇತನ ಅದರ ಅಂಗವಾಯಿತು. 1963ರಲ್ಲಿ ಕೃಷಿ ಕಾಲೇಜು ಬಂದಿತು. ಪದವಿ, ಪ್ರವೇಶಪರೀಕ್ಷೆ, ಸಂಬಳದ ಶ್ರೇಣಿಗಳೆಲ್ಲ ಜೊತೆಗೇ ಬಂದುವು. ಖೋಯಾಯಿಯ ಒಂದು ಭಾಗ ಸ್ವಾತಂತ್ರ್ಯಾನಂತರದ ನೆಡುತೋಪಿನಿಂದ ಹಸುರಾಗಿ, 1977ರಲ್ಲಿ ಬಲ್ಲಭಪುರ ಅಭಯಾರಣ್ಯವೆನಿಸಿತು. ಇತರ ಕಡೆ ಸೋನಾಝುರಿಯ ಮರಗಳು ದಟ್ಟವಾಗಿ ಬೆಳೆದಿವೆ. ನಮ್ಮ ಕರಾವಳಿಯವರು ಅಕೇಶಿಯ ಎನ್ನುವ ಆಸ್ಟ್ರೇಲಿಯದ ಮರವೇ ಅದು; ಸಾಲವೃಕ್ಷದ ಕಾಡಿಗೆ ಬದಲೆಂದು ಅದನ್ನು ಒಪ್ಪಬಹುದೇ ಎಂಬುದನ್ನು ಕರಾವಳಿಯ ಓದುಗರೇ ಹೇಳಬಲ್ಲರು. ಅದರ ನೆರಳಿನಲ್ಲಿ ಈಗ ಪ್ರವಾಸಿಗರ ಸಂತೆ ಕೂಡುತ್ತದೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೆಸರು ಶಾಂತಿನಿಕೇತನದ್ದು.

ರವೀಂದ್ರರು 1941ರ ಆಗಸ್ಟ್ 7ರಂದು, ಬಂಗಾಳೀ ಪಂಚಾಂಗದ ಶ್ರಾವಣ 22ರಂದು, ತೀರಿಕೊಂಡರು. ಶಾಂತಿನಿಕೇತನದಲ್ಲಿ ಆ ದಿನ ಸಸಿ ನೆಡುತ್ತಾರೆ. ಮರುದಿನ ಶ್ರೀನಿಕೇತನದಲ್ಲಿ ಎತ್ತುಗಳಿಗೆ ಸಿಂಗಾರಮಾಡಿ ನೇಗಿಲು ಹೂಡುತ್ತಾರೆ.